ಯಾಂಕೋ ಚಾಚಿದ ಬೆರಳು

ಸರೋವರದ ದಂಡೆಯ ಚಿಪಾಲಾ ಊರಿನಲ್ಲಿ ವೈದ್ಯ ವಿದ್ಯಾರ್ಥಿಗಳ ಮಿನಿಬಸ್ಸು ನಿಂತಾಗ ಮಾವಿನ ಮರದಡಿ ಕೂತಿದ್ದವರು ಒಬ್ಬರೂ ಮೇಲೇಳಲಿಲ್ಲ. ತಾಯಂದಿರು ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡರು. ನೆತ್ತರು ಹೀರುವವರು ಬಿಳಿ ಗಾಡಿಯಲ್ಲಿ ತಿರುಗುತ್ತಿದ್ದಾರೆಂಬ ಪುಕಾರು ಹಬ್ಬಿ, ಹಿಂದಿನ ವರ್ಷ ಆ ಕಡೆ ದಾರಿಹೋಕರಿಗೂ ಕಲ್ಲೇಟು ಬಿದ್ದಿತ್ತು. ಇವರ ಮಿನಿಬಸ್ಸೂ ಬಿಳಿಯದೇ.

ಬ್ಲಾಂಟೈರ್ ಪೇಟೆಯಲ್ಲಿ ಬೆಳೆದ ಯಾಂಕೋಗೆ ಇದೆಲ್ಲ ಬರೀ ಮೌಢ್ಯವೆನಿಸಿತು. ಅವನಿಗೆ ಸಮುದಾಯ ಆರೋಗ್ಯದ ಪಾಠ ಹೇಳುವ ಡಾಕ್ಟರ್ ಮಡಾಲೋ ಮಾತ್ರ ಆತುರಪಡದೆ ನೆಲದ ಮೇಲೆ ಕೂತರು. ಎಚ್‌ಐವಿ ಹೇಗೆ ಹರಡುತ್ತದೆ, ಕಾಂಡೋಮ್ ಏಕೆ ಬೇಕು, ಸೋಂಕು ತಗಲುವ ಮೊದಲೇ ನುಂಗುವ ಮಾತ್ರೆ ಯಾವುದು, ಬಸುರಿ ಔಷಧಿ ತೆಗೆದುಕೊಂಡರೆ ಕೂಸನ್ನು ಹೇಗೆ ಉಳಿಸಿಕೊಳ್ಳಬಹುದು ಎಂದೆಲ್ಲ ಹೇಳಿದರು. ಪರೀಕ್ಷೆ ಬೇಕೆಂದವರಿಗೆ ಶಾಲೆಯ ಕೋಣೆಯಲ್ಲಿ ಮಾಡುವುದಾಗಿಯೂ ತಿಳಿಸಿದರು.

ಮೀನುಗಾರ ಜಾಫಾಲಿ, ತೋಳು ಹಿಡಿದು ಕೂರಿಸಲು ನೋಡಿದ ಬಸುರಿ ಹೆಂಡತಿಯ ಕೈ ಬಿಡಿಸಿಕೊಂಡು ಎದ್ದು ನಿಂತ.

"ಮಾತೇನೋ ಚೆನ್ನಾಗಿದೆ ಡಾಕ್ಟರಮ್ಮ. ಆ ಪೆಟ್ಟಿಗೇಲಿ ಸೂಜಿ ಯಾಕೆ? ಮೊದಲು ನಿಮ್ಮ ಬೆರಳು ಚುಚ್ಚಿ ತೋರ್ಸಿ. ನಿಮ್ದೇನು ಅಂತ ನಾವೂ ನೋಡೋಣ."

ಊರಿನ ಯಜಮಾನಿ ಅಬಿತಿ ಸೈದಿ ಅವನನ್ನು ತಡೆಯಲಿಲ್ಲ. ಯಾಂಕೋ ಮುಂದೆ ಬಂದು ತನ್ನ ಬೆರಳು ಚಾಚಿದ. ಮಡಾಲೋ ಅವನ ಕೈಯನ್ನು ಕೆಳಗಿಳಿಸಿದರು.

"ಇವನದೂ ಬೇಡ, ನಂದೂ ಬೇಡ. ಎಲ್ಲರ ಎದುರಿಗೆ ಯಾರದ್ದೂ ನೋಡೋದಿಲ್ಲ."

"ಕೇಳಿದ್ರಾ? ಏನೋ ಮುಚ್ಚಿಡ್ತಿದಾಳೆ" ಎಂದ ಜಾಫಾಲಿ. ಜನ ಗೊಣಗುತ್ತಾ ಚದುರಿದರು.

ಆ ಮಾತು ಯಾಂಕೋನ ತಲೆಯಲ್ಲೂ ಕೂತುಬಿಟ್ಟಿತು. ಮಡಾಲೋ ಊಟವಾದ ಮೇಲೆ ಚೀಲದಿಂದ ಒಂದು ಮಾತ್ರೆ ತೆಗೆದು ನುಂಗುವುದನ್ನು ಅವನು ಎಷ್ಟೋ ಸಲ ನೋಡಿದ್ದ. ರಕ್ತದೊತ್ತಡಕ್ಕಿರಬೇಕು ಅಂದುಕೊಂಡಿದ್ದ. ಈವತ್ತು ನ್ಸಿಮಾ ಮುದ್ದೆ, ಸಣ್ಣ ಮೀನಿನ ಸಾರು ಮುಂದಿದ್ದರೂ ಅವನ ಕಣ್ಣು ಅವರ ಕೈಯ ಮೇಲೇ ಇತ್ತು. ಮಾತ್ರೆಯ ಬಣ್ಣವೇನು ಎಂದು ಕುತ್ತಿಗೆ ಚಾಚಿ ನೋಡಿದ, ಕಾಣಲಿಲ್ಲ. ಕೊನೆಗೆ ತಡೆಯಲಾರದೆ, ಒಂದು ಹನಿ ರಕ್ತ ತೋರಿಸಿದ್ದರೆ ಊರೇ ನಂಬುತ್ತಿತ್ತಲ್ಲ ಎಂದು ಕೇಳಿದ.

"ನಂಬ್ತಿದ್ರು" ಎಂದರು ಮಡಾಲೋ. "ಆಮೇಲೆ ಒಬ್ಬೊಬ್ಬರನ್ನೇ ಹಿಡಿದು, ನೀನೂ ಇಲ್ಲೇ ತೋರ್ಸು ಅಂತಿದ್ರು. ತೋರಿಸೋಕೆ ಆಗದವರು ಎಲ್ಲಿಗೆ ಹೋಗ್ಬೇಕು?"

ಉತ್ತರ ಸರಿಯಾಗಿಯೇ ಇತ್ತು. ಆದರೆ ಮುಚ್ಚಿಡುವವರೂ ಇದೇ ಉತ್ತರ ಕೊಡುತ್ತಾರಲ್ಲ ಎನಿಸಿ ಅವನು ಮುಖ ತಿರುಗಿಸಿದ.

ಹೊರಡುವ ಹೊತ್ತಿಗೆ ಉಳಿದ ವಿದ್ಯಾರ್ಥಿಗಳು ಸಾಮಾನನ್ನು ಬಸ್ಸಿಗೆ ಹಾಕುತ್ತಿದ್ದರು. ಶಾಲೆಯ ಕೋಣೆಯಲ್ಲಿ ಮಡಾಲೋ, ಯಾಂಕೋ ಇಬ್ಬರೇ. ಹಿಂಬಾಗಿಲಿನಿಂದ ಬಸುರಿ ಹೆಂಗಸೊಬ್ಬಳು ಒಳಗೆ ಬಂದಳು. ಯಾಂಕೋಗೆ ಗುರುತು ಸಿಕ್ಕಿತು. ಬೆಳಿಗ್ಗೆ ಜಾಫಾಲಿಯ ತೋಳು ಹಿಡಿದು ಕೂರಿಸಲು ನೋಡಿದವಳು, ಅವನ ಹೆಂಡತಿ ಎಸ್ಮಿ.

"ನಂದು ನೋಡಿ" ಎಂದಳು. "ಅಷ್ಟು ಜನ ಕೇಳಿದ್ರೂ ನಿಮ್ಮದನ್ನ ಹೇಳ್ಲಿಲ್ಲ. ನಂದೂ ಹೇಳಲ್ಲ ಅಂತ ಬಂದೆ."

ಮಡಾಲೋ ಕುರ್ಚಿ ಎಳೆದುಕೊಟ್ಟು, ಈ ವಿದ್ಯಾರ್ಥಿ ಇರಬಹುದೇ ಎಂದು ಕೇಳಿದರು. ಎಸ್ಮಿ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಇವ್ರು ಬೇಡ. ಇವ್ರಿಗೆ ಎಲ್ಲರ ಮುಂದೆ ತೋರ್ಸೋದೇ ದೊಡ್ಡಸ್ತಿಕೆ."

ಯಾಂಕೋ ಹೊರಗೆ ಬಂದು ಹಿಂಬಾಗಿಲಿಗೆ ಬೆನ್ನು ಹಾಕಿ ನಿಂತ. ಒಳಗಿನ ಪಿಸುಮಾತು ಕೇಳಿಸುವಂತಿತ್ತು. ಅವನು ನಾಲ್ಕು ಹೆಜ್ಜೆ ದೂರ ಸರಿದ. ಬಹಳ ಹೊತ್ತಾದ ಮೇಲೆ ಎಸ್ಮಿ ಹಿಂಬಾಗಿಲಿನಿಂದಲೇ ಹೋದಳು. ಅವಳ ಮುಖ ನೋಡಿ ಏನನ್ನೂ ಊಹಿಸುವಂತಿರಲಿಲ್ಲ.

ಬಸ್ಸು ಹತ್ತಿದಾಗ ಗೆಳೆಯನೊಬ್ಬ ಕೆಣಕಿದ. "ಏನಪ್ಪಾ, ಮೇಡಂ ಜೊತೆ ಒಳಗೇ ಉಳ್ಕೊಂಡೆ? ಯಾರಾದ್ರೂ ಬಂದಿದ್ರಾ?"

ಮುಂದಿನ ಸೀಟಿನಲ್ಲಿದ್ದ ಮಡಾಲೋ ತಿರುಗಲಿಲ್ಲ. ಅವರು ನುಂಗುವುದು ಯಾವ ಮಾತ್ರೆಯೋ ಯಾಂಕೋಗೆ ಇನ್ನೂ ತಿಳಿದಿರಲಿಲ್ಲ. ತಿಳಿಯಬೇಕೆಂಬ ತುರಿಕೆಯೂ ಹೋಗಿರಲಿಲ್ಲ.

"ಪೆಟ್ಟಿಗೆ ಕಟ್ಟೋದು ತಡವಾಯ್ತು ಅಷ್ಟೆ" ಎಂದು ಹೇಳಿ ಅವನು ಕಿಟಕಿಯ ಕಡೆಗೆ ಸರಿದು ಕೂತ.