ಕ್ರೀಚಪ್ಪನ ಓರಗೆಯವರು

ಬಿಳೇಕಹಳ್ಳಿಯಲ್ಲಿ ರಾಗಿ ಹೊಲವಿದ್ದ ಜಾಗದಲ್ಲಿ ಈಗ ಗಂಗಾಧರಯ್ಯನವರ ಮೂರಂತಸ್ತಿನ ಮನೆ ನಿಂತಿದೆ. ಎರಡು ವರ್ಷದ ಕೆಳಗೆ ಮೇಲಿನ ಮನೆಯ ಬಾಡಿಗೆದಾರ ವಿಶ್ರುತ್ ತಾರಸಿಯಲ್ಲಿ ಲ್ಯಾಪ್‌ಟಾಪ್ ತೆರೆದುಕೊಂಡು ಕೂತಿದ್ದ. ಒಣಹಾಕಿದ್ದ ಹುರುಳಿಯಲ್ಲಿ ಕೈಯಾಡಿಸಲು ಬಂದ ಗಂಗಾಧರಯ್ಯನವರು ಸುಮ್ಮನಿರಲಾರದೆ, ಏನಪ್ಪಾ ಅದು ಎಂದು ಕೇಳಿದರು. ಕೇಳಿದ್ದೇ ತಡ, ಅದರ ಗೀಳು ಹಿಡಿದುಕೊಂಡಿತು.

ಅದು ಬೇಸ್‌ಬಾಲ್ ಲೀಗು. ಮೈದಾನವಿಲ್ಲ, ಚೆಂಡಿಲ್ಲ, ಆಡುವ ಮನುಷ್ಯರೂ ಇಲ್ಲ. ಕಂಪ್ಯೂಟರೇ ಹುಡುಗರನ್ನು ಹುಟ್ಟಿಸಿ, ಹೆಸರಿಟ್ಟು, ಆಡಿಸಿ, ವಯಸ್ಸಾದ ಮೇಲೆ ಮನೆಗೆ ಕಳಿಸುತ್ತದೆ. ನಮ್ಮ ಒಂದು ತಿಂಗಳು ಅವರಿಗೆ ಒಂದು ವರ್ಷ. ಜಯನಗರ, ಕತ್ರಿಗುಪ್ಪೆ, ಹುಳಿಮಾವು ಕಡೆಯ ಒಂದಷ್ಟು ಜನ ಒಂದೊಂದು ತಂಡ ಇಟ್ಟುಕೊಂಡಿದ್ದರು. ಎಲ್ಲರಿಗಿಂತ ಕೆಳಗಿದ್ದ ಒಂದು ತಂಡಕ್ಕೆ ಯಜಮಾನನಿರಲಿಲ್ಲ. ಅದನ್ನು ಗಂಗಾಧರಯ್ಯ ವಹಿಸಿಕೊಂಡರು. ಇದ್ದ ಹೊಲದಲ್ಲಿ ಮನೆ ಕಟ್ಟಿಸಿ ಇಲ್ಲದ ಹೊಲ ಉಳಲು ಹೊರಟರು ಎಂದು ಅವರ ಹೆಂಡತಿ ಲಕ್ಷ್ಮಮ್ಮ ನೆಂಟರ ಮುಂದೆಲ್ಲ ಹೇಳಿದರು.

ಪ್ರತಿ ವರ್ಷ ಹೊಸ ಹುಡುಗರ ಒಂದು ಗುಂಪು ಬರುತ್ತದೆ. ತಂಡದವರು ಸರದಿಯ ಮೇಲೆ ಒಬ್ಬೊಬ್ಬರನ್ನು ಆರಿಸಿಕೊಳ್ಳುತ್ತಾರೆ. ಆರಿಸುವುದಕ್ಕೆ ಡ್ರಾಫ್ಟ್ ಎಂದೂ, ಆ ಗುಂಪಿಗೆ ಡ್ರಾಫ್ಟ್ ಕ್ಲಾಸ್ ಎಂದೂ ಹೆಸರು. ಗಂಗಾಧರಯ್ಯ ಮಾತ್ರ ಅದನ್ನು ಓರಗೆ ಎನ್ನುತ್ತಿದ್ದರು. ಒಟ್ಟಿಗೆ ಹುಟ್ಟಿ ಒಟ್ಟಿಗೆ ಬೆಳೆದವರನ್ನು ಬೇರೆ ಏನೆನ್ನಬೇಕು?

ಕೊನೆಯಲ್ಲಿರುವ ತಂಡಕ್ಕೆ ಮೊದಲ ಸರದಿ. ಆ ಮೊದಲ ವರ್ಷ ಅದು ಗಂಗಾಧರಯ್ಯನವರದು. ಆದರೆ ಅವರ ಮನೆತನದಲ್ಲಿ ಅಣ್ಣತಮ್ಮಂದಿರು ಭಾಗವಾಗುವಾಗ ಹಿರಿಯ ಪಾಲು ಮಾಡುತ್ತಿದ್ದ, ಕಿರಿಯ ಮೊದಲು ಎತ್ತಿಕೊಳ್ಳುತ್ತಿದ್ದ. ಉಳಿದದ್ದು ಹಿರಿಯನಿಗೆ. ಈ ಮನೆ ನಿಂತಿರುವ ಕಲ್ಲುಹೊಲ ಅವರಿಗೆ ಬಂದದ್ದೂ ಹಾಗೆಯೇ. ತಮಗಿಂತ ಕಿರಿಯ ಯಜಮಾನರೆಲ್ಲ ಕಾಯುತ್ತಿರುವಾಗ ತಾವು ಮೊದಲು ಕೈಹಾಕುವುದು ಅವರಿಗೆ ಸರಿಬರಲಿಲ್ಲ. ಎಲ್ಲರಿಗಿಂತ ಚಿಕ್ಕವನಾದ ಕತ್ರಿಗುಪ್ಪೆಯ ದೀಪಕ್‌ಗೆ ತಮ್ಮ ಸರದಿ ಬಿಟ್ಟುಕೊಟ್ಟು ತಾವು ಕಟ್ಟಕಡೆಗೆ ಹೋಗಿ ಕೂತರು. ದೀಪಕ್ ಎರಡು ಸಲ ಖಚಿತ ಮಾಡಿಕೊಂಡು, ಆಗಸ್ಟಿನ್ ಬೆಲ್ ಎಂಬ ಹುಡುಗನನ್ನು ಎತ್ತಿಕೊಂಡ. ಒಳ್ಳೆಯವರೆಲ್ಲ ಹೋದ ಮೇಲೆ ಗಂಗಾಧರಯ್ಯನವರ ಪಾಲಿಗೆ ಬಂದವನು ವಾಲ್ಡನ್ ಕ್ರೀಚ್, ಚೆಂಡು ಎಸೆಯುವವನು, ನರಪೇತಲ. ಅವರು ಅವನನ್ನು ಕ್ರೀಚಪ್ಪ ಎಂದು ಕರೆದರು.

ಆ ಬೆಲ್, ಲೀಗಿನಲ್ಲೇ ಅಷ್ಟು ದೊಡ್ಡ ಹೊಡೆತಗಾರ ಹುಟ್ಟಿಲ್ಲ ಅನ್ನಿಸಿಕೊಂಡು, ದೀಪಕ್‌ಗೆ ಕಪ್ಪಿನ ಮೇಲೆ ಕಪ್ಪು ಗೆದ್ದುಕೊಟ್ಟು, ವಯಸ್ಸಾಗಿ ನಿವೃತ್ತನೂ ಆದ. ಗಂಗಾಧರಯ್ಯನವರ ತಂಡ ಒಮ್ಮೆಯೂ ಫೈನಲ್ ಕಾಣಲಿಲ್ಲ.

ಒಂದು ಓರಗೆಯಲ್ಲಿ ಕೊನೆಗೆ ಒಬ್ಬನೇ ಆಡುತ್ತಾ ಉಳಿದಾಗ, ಅವನ ಯಜಮಾನನ ಮನೆಯಲ್ಲಿ ಎಲ್ಲರೂ ಸೇರಿ ಆ ಗುಂಪನ್ನು ಹಿಂತಿರುಗಿ ನೋಡುವುದು ಲೀಗಿನ ಪದ್ಧತಿ. ಬೆಲ್ ಬಂದಿದ್ದ ಆ ಮೊದಲ ಓರಗೆಯಲ್ಲಿ ಈಗ ಉಳಿದವನು ಕ್ರೀಚಪ್ಪ, ನಲವತ್ತು ದಾಟಿದವನು. ಹಾಗಾಗಿ ಭಾನುವಾರ ಬೆಳಿಗ್ಗೆ ಬಿಳೇಕಹಳ್ಳಿಯ ಮನೆಯ ಹಾಲ್ ತುಂಬಿತು. ಲಕ್ಷ್ಮಮ್ಮ ಉಪ್ಪಿಟ್ಟು ಕೊಟ್ಟರು. ವಿಶ್ರುತ್ ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿದ.

ಗಂಗಾಧರಯ್ಯನವರ ಮನಸ್ಸು ಮಾತ್ರ ಉಪ್ಪಿಟ್ಟಿನ ಮೇಲಿರಲಿಲ್ಲ. ಅವತ್ತೇ ಫೈನಲ್‌ಗೆ ಮುಂಚಿನ ಕೊನೆಯ ಪಂದ್ಯ, ದೀಪಕ್‌ನ ತಂಡದ ಮೇಲೆ. ಗೆದ್ದರೆ ಮೊದಲ ಸಲ ಫೈನಲ್. ಗೆಲ್ಲಿಸಬಲ್ಲ, ಎಡಗೈಯಲ್ಲಿ ಚೆಂಡು ಎಸೆಯುವ ಹುಡುಗನೊಬ್ಬ ತಂಡದಲ್ಲಿದ್ದ. ಕ್ರೀಚಪ್ಪ ವರ್ಷವೆಲ್ಲ ಬೆಂಚಿನ ಮೇಲೆ ಕೂತಿದ್ದ. ಈ ವರ್ಷಕ್ಕೆ ಅವನ ಆಟ ಮುಗಿಯಿತು; ಇವತ್ತೂ ಕೂತರೆ, ಕೂತೇ ನಿವೃತ್ತನಾಗುತ್ತಾನೆ. ಹುಡುಗನನ್ನೇ ಹಾಕಿ ಅಂಕಲ್ ಎಂದು ವಿಶ್ರುತ್ ಮೂರು ದಿನದಿಂದ ಹೇಳುತ್ತಿದ್ದ. ಇವರು ಹೂಂ ಎಂದಿರಲಿಲ್ಲ, ಊಹೂಂ ಎಂದೂ ಇರಲಿಲ್ಲ.

ಟಿವಿಯ ಮೇಲೆ ಆ ಓರಗೆಯ ಹೆಸರುಗಳೆಲ್ಲ ಬಂದವು. ಬೆಲ್‌ನ ಪುಟಕ್ಕೆ ಎಲ್ಲರೂ ಶಿಳ್ಳೆ ಹಾಕಿದರು. ಅವನ ಅತಿ ಹೆಚ್ಚು ಹೋಮ್ ರನ್ನುಗಳು, ನಮ್ಮ ಸಿಕ್ಸರಿನಂಥವು, ಯಾರ ಚೆಂಡಿಗೆ ಬಂದವು ಎಂದು ನೋಡಿದರೆ, ಕ್ರೀಚಪ್ಪನದೇ.

"ಅಂಕಲ್, ನನ್ನ ಬೆಲ್‌ನ ಸಾಕಿದ್ದು ನೀವೇ ಬಿಡಿ," ಎಂದ ದೀಪಕ್.

ಗಂಗಾಧರಯ್ಯನವರೂ ನಕ್ಕರು. ಆಮೇಲೆ ಒಬ್ಬೊಬ್ಬನ ಪುಟವನ್ನೂ ತೆಗೆಸಿದರು. ಎರಡನೇ ವರ್ಷಕ್ಕೇ ಭುಜ ಹೋಗಿ ಮನೆಗೆ ನಡೆದವನು. ಒಂದೇ ಪಂದ್ಯ ಆಡಿ, ಅವತ್ತು ಬಂದ ಚೆಂಡನ್ನೆಲ್ಲ ಬಾರಿಸಿ, ಮತ್ತೆ ಯಾರಿಗೂ ನೆನಪಾಗದವನು. ತಂಡದಿಂದ ತಂಡಕ್ಕೆ ಅಲೆದು ಎಲ್ಲೂ ಬೇರೂರದವನು. ಉಪ್ಪಿಟ್ಟಿನ ತಟ್ಟೆಗಳು ತಣ್ಣಗಾದವು.

ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದಷ್ಟು ಹೆಸರುಗಳಿದ್ದವು, ಯಾವ ತಂಡವೂ ಆರಿಸದೆ ಬಿಟ್ಟವರವು. ಗಂಗಾಧರಯ್ಯ ಅದರಲ್ಲೂ ಒಬ್ಬನನ್ನು ತೋರಿಸಿದರು. ವಿಶ್ರುತ್ ಒತ್ತಿದ. ಖಾಲಿಯಿರುತ್ತದೆ ಎಂದುಕೊಂಡಿದ್ದ ಪುಟ ತುಂಬಿಕೊಂಡಿತ್ತು. ಹುಡುಗ ಸಣ್ಣಪುಟ್ಟ ಊರುಗಳ ತಂಡದಲ್ಲಿ ವರ್ಷಾನುಗಟ್ಟಲೆ ಆಡಿದ್ದ. ಮಂಡಿ ನೋಯಿಸಿಕೊಂಡು ಕೂತಿದ್ದ, ಎದ್ದು ಮತ್ತೆ ಆಡಿದ್ದ. ಈಗ ಅಲ್ಲೇ ಎಲ್ಲೋ ಮಕ್ಕಳಿಗೆ ಆಟ ಹೇಳಿಕೊಡುತ್ತಿದ್ದ.

"ಇವನ್ನ ನಾವ್ಯಾರೂ ನೋಡ್ಲೇ ಇಲ್ವಲ್ಲಪ್ಪ," ಎಂದರು ಗಂಗಾಧರಯ್ಯ.

"ನಾವು ನೋಡ್ಲಿಲ್ಲ ಅಂಕಲ್. ಅವನು ಆಡ್ತಾನೇ ಇದ್ದ," ಎಂದ ವಿಶ್ರುತ್.

ಗಂಗಾಧರಯ್ಯನವರಿಗೆ ಹಳೆಯದೊಂದು ನೆನಪಾಯಿತು. ಹೊಲವಿದ್ದ ಕಾಲದಲ್ಲಿ ಒಂದು ಸಲ ಬದುವಿನಾಚೆ ದನ ಹುಡುಕುತ್ತಾ ಹೋದಾಗ, ಪೊದೆಯೊಳಗೆ ಒಂದು ಅವರೆ ಬಳ್ಳಿ ಕಂಡಿತ್ತು. ಯಾರೂ ಬಿತ್ತಿದ್ದಲ್ಲ, ಯಾರೂ ನೀರು ತೋರಿಸಿದ್ದಲ್ಲ. ಹೂವಾಗಿ, ಕಾಯಾಗಿ, ಒಣಗಿ, ಸಿಡಿದು, ಬೀಜ ಸುತ್ತ ಚೆಲ್ಲಿತ್ತು. ಅವತ್ತು ದನದ ನೆನಪೇ ಬಿಟ್ಟುಹೋಗಿ ನಿಂತಿದ್ದರು. ಇವತ್ತು ಸೋಫಾದ ತುದಿಯಲ್ಲಿ ಹಾಗೆಯೇ ಕೂತರು. ಇಲ್ಲದ ಹುಡುಗರು, ಇಲ್ಲದ ಊರು. ಆದರೂ ಒಬ್ಬೊಬ್ಬನಿಗೂ ಒಂದೊಂದು ಬಾಳು, ಒಂದರಂತೆ ಒಂದಿಲ್ಲ.

"ಯಾರನ್ನ ಹಾಕ್ಲಿ ಅಂಕಲ್?" ವಿಶ್ರುತ್ ಮೆಲ್ಲಗೆ ಕೇಳಿದ.

"ಕ್ರೀಚಪ್ಪನ್ನ ಹಾಕು."

"ಫೈನಲ್ ಹೋಗುತ್ತೆ."

"ಹೋಗ್ಲಿ ಕಣಪ್ಪ. ಅಷ್ಟು ಜನ ಓರಗೆಯೋರ ಕಡೆಯಿಂದ ಇವನೊಬ್ಬ ನಿಂತವ್ನೆ. ಬೆಂಚ್ ಮೇಲಿಂದ ಎಬ್ಬಿಸಿ ಹಾಗೇ ಮನೆಗೆ ಕಳ್ಸೋದಾ?"

ಒಂದು ಗುಂಡಿ ಒತ್ತಿದರೆ ಇಡೀ ಪಂದ್ಯ ಕಣ್ಣುಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಎಲ್ಲರೂ ಹಾಗೇ ಮುಗಿಸುತ್ತಿದ್ದರು. ಒಂದೊಂದು ಎಸೆತಕ್ಕೆ ಒಂದೊಂದು ಸಾಲು ಬರುವಂತೆಯೂ ಓಡಿಸಬಹುದಿತ್ತು. ಈ ಸಲ ನಿಧಾನವಾಗಿ ಬಿಡು ಗುರು ಎಂದವನು ದೀಪಕ್ಕೇ.

ಸಾಲುಗಳು ಬರತೊಡಗಿದವು. ಕ್ರೀಚ್ ಎಸೆದ. ಹೊರಗೆ ಹೋಯಿತು. ಕ್ರೀಚ್ ಎಸೆದ. ಹೊಡೆದರು. ಮೊದಲ ಸುತ್ತಿನಲ್ಲೇ ಮೂರು ರನ್ ಹೋದವು. ಆಮೇಲೆ ಅದೇನು ಬಂತೋ, ಮುದುಕ ಕಚ್ಚಿ ನಿಂತ. ಸುತ್ತಿನ ಮೇಲೆ ಸುತ್ತು, ಒಂದು ರನ್ನೂ ಕೊಡಲಿಲ್ಲ. ಇವರ ತಂಡ ಎರಡು ರನ್ ವಾಪಸ್ ತಂದಿತು. ಬೇಕರಿಗೆ ಹೋಗಿ ಬರುತ್ತೇನೆ ಎಂದು ಎದ್ದ ಹುಡುಗನೊಬ್ಬ ಬಾಗಿಲಲ್ಲೇ ನಿಂತ. ಲಕ್ಷ್ಮಮ್ಮ ಸೌಟು ಹಿಡಿದುಕೊಂಡೇ ಬಂದು, ಒಂದಕ್ಷರ ತಿಳಿಯದಿದ್ದರೂ ಗೋಡೆಗೊರಗಿ ನೋಡಿದರು. ಗೋಡೆಯಷ್ಟಗಲದ ಟಿವಿಯಲ್ಲಿ ಬರೀ ಅಕ್ಷರ.

ಒಂದೇ ರನ್ನಿನಿಂದ ಸೋತರು.

ಕ್ರೀಚಪ್ಪನ ಹೆಸರು ಅವನಿಗಿಂತ ಮೊದಲೇ ನಿವೃತ್ತರಾದವರ ಹೆಸರುಗಳಂತೆಯೇ ಬೂದುಬಣ್ಣಕ್ಕೆ ತಿರುಗಿತು. ಅಲ್ಲಿಗೆ ಆ ಓರಗೆಯ ಪುಟ ಮುಚ್ಚಿತು. ಗೆದ್ದ ದೀಪಕ್ ಕೈಯೆತ್ತಲಿಲ್ಲ, ತಮಾಷೆಯನ್ನೂ ಮಾಡಲಿಲ್ಲ. ಬೆಲ್ ಹೋದ ಮೇಲೆ ಅವನ ತಂಡ ನೆಲಕಚ್ಚಿತ್ತು. ಈ ಗೆಲುವಿನಿಂದಲೂ ಮೇಲೇಳಲಿಲ್ಲ. ಮುಂದಿನ ಡ್ರಾಫ್ಟಿಗೆ ಮೊದಲ ಸರದಿ ಅವನದು.

"ಅಂಕಲ್, ಈ ಸಲ ಮೊದಲು ನೀವು ತಗೊಳ್ಳಿ," ಎಂದ ಅವನು. "ನಿಜವಾಗ್ಲೂ ಹೇಳ್ತಿದ್ದೀನಿ."

ಗಂಗಾಧರಯ್ಯ ಅವನ ಬೆನ್ನ ಮೇಲೆ ಕೈಯಿಟ್ಟರು.

"ನೀನು ಚಿಕ್ಕೋನು, ನೀನೇ ತಗೊಳಪ್ಪ. ಉಳಿದೋನು ನಂಗಿರ್ಲಿ."

ಆಮೇಲೆ ವಿಶ್ರುತ್ ಕಡೆ ತಿರುಗಿ, ಆ ಯಾರೂ ಆರಿಸದ ಹುಡುಗರಲ್ಲಿ ಇನ್ನೂ ಕೆಲವರ ಪುಟ ಬಾಕಿಯಿದೆಯಲ್ಲ, ಅವನ್ನೂ ತೆಗಿ ಎಂದರು.