ಹೆಸರು ಹೊತ್ತು ಬಂದವಳು

ಡಾರ್ಲೀನ್ ಫೋನ್ ಕೆಳಗಿಟ್ಟು ಹಣೆಗೆ ಕೈ ಹಚ್ಚಿ ಕೂತಳು.

"ಈ ಹುಡುಗಿ ಬಾಯೇ ಬಿಡಲ್ಲ, ಲುಕೇರಿಯಾ. ಓದು ಬಿಟ್ಟು ಊರಿಗೆ ಹೋಗ್ತೀಯಾ ಅಂತ ನೇರವಾಗಿ ಕೇಳ್ದೆ. ಹೂಂ ಇಲ್ಲ, ಉಹೂಂ ಇಲ್ಲ. ಮತ್ತೆ ಮತ್ತೆ ಕೇಳ್ದೆ. ಬರೀ ಉಸಿರಾಡೋದು ಕೇಳಿಸ್ತಿತ್ತು. ಕೊನೆಗೆ ಅವಳೇ ಫೋನ್ ಇಟ್ಬಿಟ್ಲು."

ನಾನು ನಗು ನುಂಗಿಕೊಂಡೆ. ಡಾರ್ಲೀನ್ ಓಹಾಯೋ ಕಡೆಯವಳು, ಮನಸ್ಸು ಬೆಣ್ಣೆ. ಈ ಉತ್ತರದ ಹಿಮನಾಡಿನ ಹಳ್ಳಿಗಳಿಂದ ಫೇರ್‌ಬ್ಯಾಂಕ್ಸ್ ನಗರದ ಕಾಲೇಜಿಗೆ ಓದಲು ಬರುವ ಮೊದಲ ವರ್ಷದ ಮಕ್ಕಳನ್ನು ನೋಡಿಕೊಳ್ಳುವುದು ಅವಳ ಕೆಲಸ. ಆ ಮಕ್ಕಳಿಗೆ ಜೊತೆಯಾಗಿರಲು ಹಿರಿಯ ವಿದ್ಯಾರ್ಥಿಗಳನ್ನು ಮೆಂಟರ್ ಎಂದು ನೇಮಿಸುವವಳೂ ಅವಳೇ. ನಾನು ಅಂಥ ಒಬ್ಬ ಮೆಂಟರ್. ಇಷ್ಟು ವರ್ಷ ನಮ್ಮ ನಡುವೆ ಇದ್ದೂ ಪುಣ್ಯಾತ್ಗಿತ್ತಿಗೆ ಈ ನೆಲದ ಮೂಲನಿವಾಸಿಗಳಾದ ನಮ್ಮ ಯೂಪಿಕ್ ಜನರ ಮುಖ ಓದಲು ಬಂದಿಲ್ಲ. ನಮ್ಮಲ್ಲಿ ಹುಬ್ಬು ಮೇಲೇರಿತೆಂದರೆ ಹೌದು, ಮೂಗು ಸುಕ್ಕಾಯಿತೆಂದರೆ ಇಲ್ಲ. ಅಷ್ಟಕ್ಕೆಲ್ಲ ಬಾಯಿಗೆ ಯಾಕೆ ಕೆಲಸ ಕೊಡಬೇಕು?

"ಅವಳು ಉತ್ತರ ಕೊಟ್ಟಿರ್ತಾಳೆ ಡಾರ್ಲೀನ್. ನಿಮಗೆ ಕಾಣಿಸಿಲ್ಲ ಅಷ್ಟೇ."

"ನಂಗೇನ್ ಕಾಣುತ್ತೆ, ಫೋನಲ್ಲಿ? ನೋಡು, ಹುಡುಗಾಟ ಸಾಕು. ಕ್ಲಾಸಿಗೆ ಬಂದು ಎಷ್ಟು ದಿನ ಆಯ್ತೋ ಏನೋ. ಶುಕ್ರವಾರದ ಒಳಗೆ ಇರ್ತೀನಿ ಅಂತ ಹೇಳಿದ್ರೆ ಸೀಟು ಉಳಿಸಬಹುದು. ಇಲ್ಲಾಂದ್ರೆ ರೂಮು ಬೇರೆಯವರಿಗೆ ಹೋಗುತ್ತೆ. ನೀನೇ ಹೋಗಿ ಮಾತಾಡು. ಆದ್ರೆ ನೆನಪಿರಲಿ..."

"ಪ್ರಶ್ನೆ ನಮ್ಮದು, ನಿರ್ಧಾರ ಅವರದು," ಎಂದು ನಾನೇ ಮುಗಿಸಿದೆ. ಮೆಂಟರ್‌ಗಳ ತರಬೇತಿಯಲ್ಲಿ ಈ ಮಾತನ್ನು ನಮ್ಮ ಕಿವಿಗೆ ಹುಯ್ದು ಹುಯ್ದು ಇಟ್ಟಿದ್ದರು. ಇರು ಎಂದು ಹೇಳುವಂತಿಲ್ಲ, ಹೋಗು ಎಂದೂ ಹೇಳುವಂತಿಲ್ಲ.

ಹಾಸ್ಟೆಲಿನಲ್ಲಿ ಆ ಹುಡುಗಿ ಥೆಕ್ಲಾಳ ರೂಮಿಗೆ ಹೋಗುವಾಗ ಅಮ್ಮ ಕಳಿಸಿದ್ದ ಒಣಗಿಸಿದ ಸಾಲ್ಮನ್ ಮೀನಿನ ಪೊಟ್ಟಣ ಒಯ್ದೆ. ಬರಿಗೈಯಲ್ಲಿ ಹೋಗಿ ಬುದ್ಧಿ ಹೇಳಿದರೆ ಯಾರು ಕೇಳುತ್ತಾರೆ? ಅವಳು ಬಾಗಿಲು ತೆರೆದಳು, ನನ್ನನ್ನು ನೋಡಿದಳು, ಪೊಟ್ಟಣವನ್ನು ನೋಡಿದಳು, ಪಕ್ಕಕ್ಕೆ ಸರಿದಳು. ಮಧ್ಯಾಹ್ನವಾದರೂ ಒಳಗೆ ಕತ್ತಲೆ. ಕಿಟಕಿಗೆ ಕಂಬಳಿ ಕಟ್ಟಿದ್ದಳು.

"ಇದೇನೇ ಇದು, ಗುಹೆ ಮಾಡ್ಕೊಂಡಿದೀಯಾ?"

"ಮರ," ಎಂದಳು.

"ಮರಕ್ಕೇನಾಯ್ತು?"

"ಎಲ್ಲಾ ಕಡೆ ಅಡ್ಡ ನಿಂತಿರ್ತಾವೆ ಅಕ್ಕ. ಅದರಾಚೆ ಏನಿದೆ ಅಂತ ಕಾಣಲ್ಲ. ನಮ್ಮೂರಲ್ಲಿ ಬಾಗಿಲಲ್ಲಿ ನಿಂತ್ರೆ ಯಾರು ಬರ್ತಿದಾರೆ, ಯಾವ ಮೋಡ ಬರ್ತಿದೆ, ಎಲ್ಲಾ ಕಾಣುತ್ತೆ."

ಅವಳದು ಸಮುದ್ರದ ದಂಡೆಯ ಊರು. ಅಲ್ಲಿ ಕಣ್ಣು ಹಾಯಿಸಿದಷ್ಟೂ ಬಯಲು, ಮೊಣಕಾಲಿಗಿಂತ ಎತ್ತರದ ಗಿಡ ಇಲ್ಲ. ನಮ್ಮದು ಕಸ್ಕೊಕ್ವಿಮ್ ನದಿಯ ಮೇಲ್ಗಡೆ, ಮರಗಳ ನಡುವೆ. ನಮ್ಮಂಥವರನ್ನು ದಂಡೆಯವರು ಕಾಡಿನವರು ಎಂದು ಆಡಿಕೊಳ್ಳುತ್ತಾರೆ, ಕಡಲ ಸೀಲ್ ಪ್ರಾಣಿಯ ಎಣ್ಣೆ ಸುರಿದುಕೊಂಡು ಉಣ್ಣುವ ಅವರನ್ನು ನಾವು ಸೀಲ್ ಎಣ್ಣೆಯವರು ಎನ್ನುತ್ತೇವೆ. ಲೆಕ್ಕ ಚುಕ್ತಾ.

ನಾನು ಅವಳ ಮಂಚದ ಮೇಲೆ ಕಾಲು ಮಡಚಿ ಕೂತೆ. ಅವಳು ಕೆಟಲ್ ಹಚ್ಚಿ, ಎರಡು ಲೋಟಕ್ಕೆ ಚಹಾ ಸುರಿದಳು, ದುಂಡನೆಯ ಗಟ್ಟಿ ಬಿಸ್ಕತ್ತಿನ ಡಬ್ಬಿ ತೆಗೆದಳು. ತನ್ನ ಲೋಟಕ್ಕೆ ಸುರಿದುಕೊಂಡ ಸಕ್ಕರೆ ನೋಡಿ ನನಗೇ ಹಲ್ಲು ಜುಂ ಎಂದಿತು.

"ಡಾರ್ಲೀನ್ ಫೋನ್ ಮಾಡಿದ್ರಲ್ಲ, ಊರಿಗೆ ಹೋಗ್ತೀಯಾ ಅಂತ ಕೇಳಿದ್ರಂತೆ. ಏನಂದೆ?"

ಅವಳು ಹುಬ್ಬು ಏರಿಸಿದಳು.

"ಹಾಗೇ ಮಾಡಿದ್ಯಾ, ಫೋನಲ್ಲಿ? ಫೋನಲ್ಲಿ ಹುಬ್ಬು ಏರಿಸಿದ್ರೆ ಯಾರಿಗೆ ಕಾಣುತ್ತೇ, ಮಂಕೇ?"

ಅವಳು ಕಿಸಕ್ಕನೆ ನಕ್ಕಳು, ನಾನೂ ನಕ್ಕೆ. ನಗು ಮುಗಿದ ಮೇಲೆ ನನಗೆ ಹೊಳೆಯಿತು, ಅವಳು ಹೌದು ಎಂದಿದ್ದಾಳೆ. ಊರಿಗೆ ಹೋಗುತ್ತೇನೆ ಎಂದಿದ್ದಾಳೆ.

"ಟಿಕೆಟ್ ತಗೊಂಡಿದೀಯಾ?"

ಮತ್ತೆ ಹುಬ್ಬು. "ಶನಿವಾರದ್ದು. ಚಿಕ್ಕಮ್ಮ ಕಳಿಸಿದ್ಲು."

"ಪಾಠ ಕಷ್ಟಾನಾ?"

ಮೂಗು ಸುಕ್ಕಾಯಿತು. ಪಾಠ ಕಷ್ಟವಲ್ಲ. ಅದು ನನಗೂ ಗೊತ್ತಿತ್ತು. ಮೊದಲ ಪರೀಕ್ಷೆಯಲ್ಲಿ ಅವಳು, ನನ್ನ ಮೊದಲ ವರ್ಷದಲ್ಲಿ ನಾನು ಮಾಡಿದ್ದಕ್ಕಿಂತ ಚೆನ್ನಾಗಿ ಮಾಡಿದ್ದಳು, ಹೊಟ್ಟೆಕಿಚ್ಚೂ ಆಗಿತ್ತು.

"ಮತ್ತೇನು? ಯಾರಾದ್ರೂ ಏನಾದ್ರೂ ಅಂದ್ರಾ?"

"ಯಾರೂ ಏನೂ ಅನ್ನಲ್ಲ ಅಕ್ಕ. ಅದೇ." ಅವಳು ಪೊಟ್ಟಣ ಬಿಚ್ಚಿ ಮೀನಿನ ಒಂದು ಸೀಳು ತೆಗೆದಳು. "ಊರಲ್ಲಿ ನಾನು ಎಲ್ರಿಗೂ ಏನೋ ಆಗಿದೀನಿ. ಅಪ್ಪನ ಚಿಕ್ಕಪ್ಪನ ಹೆಸರು ನಂಗಿದೆ. ಹಾಗಾಗಿ ಅಪ್ಪ ನನ್ನನ್ನ ಚಿಕ್ಕಪ್ಪ ಅಂತಾನೆ. ಬೈಯೋಕೂ ಹೆದರ್ತಾನೆ. ಆ ಚಿಕ್ಕಪ್ಪನ ಹೆಂಡ್ತಿ, ಮುದುಕಿ, ನನ್ನ ಕಂಡ್ರೆ ಸಾಕು, ನಮ್ಮೆಜಮಾನ್ರು ಬಂದ್ರು ಅಂತ ತಲೆಟೋಪಿ ಸರಿ ಮಾಡ್ಕೋತಾಳೆ, ತಮಾಷೆಗೆ. ಇಲ್ಲಿ ಥೆಕ್ಲಾ ಅಷ್ಟೇ. ಇಲ್ಲಿ ನಾನು ಯಾರಿಗೂ ಏನೂ ಅಲ್ಲ."

ತರಬೇತಿಯಲ್ಲಿ ಮನೆ ನೆನಪಾಗುವವರಿಗೆ ಹೇಳುವ ಮಾತು ಕಲಿಸಿದ್ದರು, ನಿದ್ದೆ ಬಾರದವರಿಗೆ ಹೇಳುವ ಮಾತು ಕಲಿಸಿದ್ದರು. ಇದಕ್ಕೆ ಏನೂ ಕಲಿಸಿರಲಿಲ್ಲ. ನಮ್ಮಲ್ಲಿ ಒಬ್ಬರು ಸತ್ತರೆ ಮುಂದೆ ಹುಟ್ಟುವ ಮಗುವಿಗೆ ಅವರ ಹೆಸರಿಡುತ್ತಾರೆ, ಹೆಣ್ಣೋ ಗಂಡೋ ನೋಡುವುದಿಲ್ಲ. ಹೆಸರಿನ ಜೊತೆ ಆ ಮನುಷ್ಯರೂ ಸ್ವಲ್ಪ ಬರುತ್ತಾರೆ. ಆಮೇಲೆ ಆ ಮಗುವನ್ನು ಮಗು ಎಂದು ಯಾರೂ ನೋಡುವುದಿಲ್ಲ, ಅಣ್ಣ, ಅತ್ತೆ, ಮಾವ, ಯಾರು ತೀರಿಕೊಂಡಿದ್ದರೋ ಅವರೆಂದೇ ಕರೆಯುತ್ತಾರೆ. ಹಾಗೆ ಬೆಳೆದವಳನ್ನು ಇಲ್ಲಿ ತಂದು ಬರೀ ಥೆಕ್ಲಾ ಎಂದರೆ ಅವಳು ಬರಿಮೈಯಲ್ಲಿ ನಿಂತ ಹಾಗೆ.

ಅಷ್ಟರಲ್ಲಿ ಅವಳು ಮೀನಿನ ಸೀಳನ್ನು ಚಹಾದಲ್ಲಿ ಅದ್ದಿದಳು. ಆ ಸಕ್ಕರೆ ಪಾಕದಂಥ ಚಹಾದಲ್ಲಿ. ಅದ್ದಿ, ಸ್ವಲ್ಪ ಹೊತ್ತು ಹಿಡಿದು, ತೊಟ್ಟಿಕ್ಕುವ ತುದಿಯನ್ನು ಬಾಯಿಗಿಟ್ಟಳು.

"ಥೂ, ಏನೇ ಅದು? ದಂಡೆಯವರೆಲ್ಲಾ ಹೀಗೇನಾ ತಿನ್ನೋದು?"

"ಇಲ್ಲ. ನಾನೊಬ್ಳೇ. ಮನೇಲೂ ಎಲ್ರೂ ಥೂ ಅಂತಾರೆ."

ಮಾತು ಮುಂದುವರಿಸಲು ನಾನು ಸುಮ್ಮನೆ ಕೇಳಿದೆ, ಚಿಕ್ಕಪ್ಪನ ಹೆಸರು ಒಂದೇನಾ, ಬೇರೆ ಹೆಸರೂ ಇದೆಯಾ ಎಂದು. ನಮ್ಮಲ್ಲಿ ಹಲವರಿಗೆ ಒಂದಕ್ಕಿಂತ ಹೆಚ್ಚು ಹೆಸರಿರುತ್ತವೆ.

"ಇನ್ನೊಂದಿದೆ. ಆದ್ರೆ ಆ ಕಡೆಯವರು ಯಾರೂ ಸಿಕ್ಕೇ ಇಲ್ಲ. ನನ್ನ ಹೆರೋಕೆ ಅಮ್ಮ ಬೆತೆಲ್ ಪಟ್ಟಣದ ಆಸ್ಪತ್ರೆಗೆ ಹೋಗಿ ದಿನ ಕಾಯ್ತಿದ್ಲಂತೆ. ಅಲ್ಲೊಬ್ಳು ಅಜ್ಜಿ ಇದ್ಲಂತೆ, ನದಿ ಮೇಲ್ಗಡೆಯವಳು. ಅವಳ ಕಡೆಯವರು ಯಾರೂ ಇರ್ಲಿಲ್ಲ, ಮಂಜು ಮುಸುಕಿ ವಿಮಾನ ಹಾರ್ತಿರ್ಲಿಲ್ಲ. ಅಮ್ಮ ದಿನಾ ಹೋಗಿ ಅವಳ ಹತ್ರ ಕೂತ್ಕೋತಿದ್ಲಂತೆ. ಅವಳು ಹೋದ್ಲು, ನಾನು ಬಂದೆ. ಅಮ್ಮ ಅವಳ ಹೆಸರು ಇಟ್ಲು."

ನನ್ನ ಲೋಟ ಬಾಯಿಯ ಹತ್ತಿರವೇ ನಿಂತಿತು.

"ಏನ್ ಹೆಸರು?"

"ಅರ್ನಾಚುವಾಕ್."

ನಾನು ಮಂಚದ ಮೇಲಿಂದ ಕಾಲು ಕೆಳಗಿಳಿಸಿದೆ. ಇಳಿಸಬೇಕು ಎಂದು ಯೋಚಿಸಿ ಇಳಿಸಿದ್ದಲ್ಲ, ಕಾಲೇ ಇಳಿಯಿತು. ಅಜ್ಜಿಯ ಎದುರಿಗೆ ಹಾಗೆಲ್ಲ ಕೂರುತ್ತಾರೆಯೇ?

ನನ್ನ ಅಮ್ಮನ ಅಮ್ಮ ಅರ್ನಾಚುವಾಕ್ ಬೆತೆಲ್ ಆಸ್ಪತ್ರೆಯಲ್ಲಿ ತೀರಿಕೊಂಡಾಗ ನಾನು ಇನ್ನೂ ನೆಟ್ಟಗೆ ಮಾತು ಬಾರದ ಕೂಸು. ಮಂಜು ಕರಗಿ ಅಮ್ಮ ಅಲ್ಲಿಗೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ದಂಡೆಯ ಕಡೆಯ ಯಾವುದೋ ಬಾಣಂತಿ ಹೆಸರು ಒಯ್ದಳು ಎಂದು ಒಬ್ಬ ನರ್ಸು ಹೇಳಿದಳಂತೆ, ಯಾವ ಊರು ಎಂದು ಅವಳಿಗೂ ತಿಳಿದಿರಲಿಲ್ಲ. ಅಮ್ಮ ಬೆತೆಲ್‌ಗೆ ಹೋದಾಗಲೆಲ್ಲ ವಿಮಾನ ನಿಲ್ದಾಣದಲ್ಲಿ ದಂಡೆಯ ಹುಡುಗಿಯರ ಮುಖ ನೋಡುತ್ತಾ ಕೂರುತ್ತಿದ್ದಳು. ಹಾಗೆ ಬಿಟ್ಟಕಣ್ಣಿಂದ ನೋಡಬೇಡ ಎಂದು ನಾನು ಗದರುತ್ತಿದ್ದೆ.

ಈಗ ಆ ಮುಖ ನನ್ನೆದುರು ಚಹಾದ ಲೋಟ ಹಿಡಿದು ಕೂತಿತ್ತು. ಕೆನ್ನೆಯ ಮೇಲೆ ಮೊಡವೆ, ಬೂದು ಬಣ್ಣದ ಹಾಸ್ಟೆಲ್ ಸ್ವೆಟರು, ಕಾಲಲ್ಲಿ ಜೋಡಿ ತಪ್ಪಿದ ಸಾಕ್ಸು. ಇಷ್ಟು ದೊಡ್ಡ ನಾಡು, ಇಷ್ಟೊಂದು ಊರುಗಳು, ಈ ಕಟ್ಟಡದಲ್ಲೇ ಇಷ್ಟೊಂದು ಬಾಗಿಲುಗಳು. ಅಷ್ಟರಲ್ಲಿ ನಾನು ತಟ್ಟಿದ್ದು ಇದನ್ನು.

"ಯಾಕೆ ಅಕ್ಕ ಹಾಗೆ ನೋಡ್ತೀಯಾ?" ಎಂದಳು ಥೆಕ್ಲಾ.

"ಅಕ್ಕ ಅನ್ಬೇಡ," ಎಂದೆ. "ನಾನು ನಿನ್ನ ಮೊಮ್ಮಗಳು."

ಅವಳ ಕೈಯಿಂದ ಮೀನಿನ ಚೂರು ಲೋಟದೊಳಗೆ ಬಿತ್ತು. ಇಬ್ಬರೂ ಅದನ್ನೇ ನೋಡುತ್ತಾ ಕೂತೆವು. ತೆಗೆಯಲು ಯಾರಿಗೂ ಕೈ ಬರಲಿಲ್ಲ.

ಆಮೇಲೆ ನಾನು ಅಮ್ಮನಿಗೆ ಫೋನ್ ಹಚ್ಚಿ, ಇಬ್ಬರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟೆ. ಅಮ್ಮ ನಮ್ಮೂರ ಶಾಲೆಯ ಅಡುಗೆಮನೆಯಲ್ಲಿದ್ದಳು, ಹಿಂದೆ ಪಾತ್ರೆಗಳ ಸದ್ದು ಕೇಳುತ್ತಿತ್ತು. ನಾನು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಪಾತ್ರೆಗಳ ಸದ್ದು ನಿಂತಿತು.

ಅಮ್ಮ ಕೇಳಿದಳು. "ಅವಳು ಮೀನು ಹೆಂಗ್ ತಿಂತಾಳೆ?"

ನಾನು ಥೆಕ್ಲಾಳ ಲೋಟ ನೋಡಿದೆ. "ಚಹಾದಲ್ಲಿ ಅದ್ದಿ."

"ಸಕ್ಕರೆ?"

"ತುಂಬಾ."

ಆ ಕಡೆಯಿಂದ ಬಂದದ್ದು ನಗುವೋ ಅಳುವೋ ನನಗೆ ತಿಳಿಯಲಿಲ್ಲ. ಅಜ್ಜಿ ಹಾಗೆ ತಿನ್ನುತ್ತಿದ್ದಳೆಂದು ಅಮ್ಮ ನನಗೆ ಯಾವತ್ತೂ ಹೇಳಿರಲಿಲ್ಲ. ನನ್ನ ಕೈಯ ರೋಮ ನೆಟ್ಟಗೆ ನಿಂತದ್ದನ್ನು ನಾನೇ ನೋಡಿದೆ.

"ಅವ್ವಾ," ಎಂದಳು ಅಮ್ಮ. ಅಮ್ಮನ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಐವತ್ತು ದಾಟಿದ ಹೆಂಗಸಿನ ದನಿ ಎಳೆ ಹುಡುಗಿಯ ದನಿಯಾಗಿತ್ತು. "ಅವ್ವಾ, ನಾನು ಹೊರಟಿದ್ದೆ. ಮಂಜು ಬಿಡ್ಲಿಲ್ಲ. ಬ್ಯಾಗು ಹಿಡ್ಕೊಂಡು ಕಾಯ್ತಾನೇ ಇದ್ದೆ."

ಥೆಕ್ಲಾ ಬೆನ್ನು ನೇರ ಮಾಡಿ ಕೂತಳು. ಊರಿನಲ್ಲಿ ಹೀಗೆಯೇ ಕೂತು ಅಭ್ಯಾಸವಿದ್ದವಳು, ಯಾರದೋ ಚಿಕ್ಕಪ್ಪನಾಗಿ, ಯಾರದೋ ಯಜಮಾನನಾಗಿ. ಫೋನಿನ ಹತ್ತಿರ ಬಾಗಿ ಮೆಲ್ಲಗೆ ಹೇಳಿದಳು:

"ಗೊತ್ತು ಮಗಳೇ. ನಾನು ಒಬ್ಳೇ ಇರ್ಲಿಲ್ಲ. ಈಗಿನ ನಮ್ಮಮ್ಮ ಕೊನೇವರೆಗೂ ಕೈ ಹಿಡ್ಕೊಂಡಿದ್ಲು. ಚಹಾ ಕೇಳ್ದಾಗೆಲ್ಲಾ ಕೊಟ್ಲು."

ಅಮ್ಮ ಈಗ ಮುಚ್ಚುಮರೆಯಿಲ್ಲದೆ ಅತ್ತಳು. ನಾನೂ ಅತ್ತೆ. ನಾಚಿಕೆಯೇನೂ ಆಗಲಿಲ್ಲ. ಥೆಕ್ಲಾ ಮಾತ್ರ ಅಳಲಿಲ್ಲ. ನನ್ನ ತೋಳನ್ನು ಸಣ್ಣಗೆ ತಟ್ಟುತ್ತಾ ಕೂತಿದ್ದಳು, ಹಿರಿಯರು ತಟ್ಟುವಂತೆ.

ಅಳು ಇಳಿದ ಮೇಲೆ ನಾನು ಮೂಗೊರೆಸಿಕೊಂಡು ಹೇಳಿದೆ, ಅವಳು ಶನಿವಾರ ಊರಿಗೆ ಹೊರಟಿದ್ದಾಳೆ, ಟಿಕೆಟ್ ಆಗಿದೆ ಎಂದು. ಇರು ಎಂದು ಹೇಳುವ ಹಕ್ಕು ನನಗಿರಲಿಲ್ಲ. ಮೊದಲು ಮೆಂಟರ್ ಆಗಿ ಇರಲಿಲ್ಲ, ಈಗ ಮೊಮ್ಮಗಳಾಗಿಯಂತೂ ಇರಲೇ ಇಲ್ಲ. ಅಜ್ಜಿಗೆ ಯಾರು ಅಪ್ಪಣೆ ಕೊಡುತ್ತಾರೆ?

ಅಮ್ಮ ಅಡುಗೆಮನೆಯ ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು.

"ಅವ್ವಾ, ಆ ನನ್ನ ಮಗಳಿದಾಳಲ್ಲ, ಲುಕೇರಿಯಾ. ಬಾಯಿ ಜೋರು. ಎಲ್ರನ್ನೂ ನೋಡ್ಕೋತೀನಿ ಅಂತ ಓಡಾಡ್ತಾಳೆ. ಅವಳನ್ನ ನೋಡ್ಕೊಳೋರು ಅಲ್ಲಿ ಯಾರೂ ಇಲ್ಲ. ನಂಗೆ ಅದೇ ಯೋಚ್ನೆ. ನೀನು ಅಲ್ಲೇ ಇರ್ತೀಯಾ, ಅವಳ ಜೊತೆ?"

ಥೆಕ್ಲಾ ನನ್ನ ಕಡೆ ನೋಡಿದಳು. ಕಿಟಕಿಯ ಕಂಬಳಿಯ ಕಡೆ ನೋಡಿದಳು, ಅದರಾಚೆ ಮರಗಳಿದ್ದವು. ಮತ್ತೆ ನನ್ನ ಕಡೆ ತಿರುಗಿದಳು. ಒಂದು ಮಾತೂ ಆಡಲಿಲ್ಲ. ಮೇಜಿನ ಮೇಲಿನ ಫೋನಿಗೆ ಎರಡೂ ಹುಬ್ಬು ಏರಿಸಿದಳು.

ಅಯ್ಯೋ, ಮತ್ತೆ ಅದೇ ಕತೆ ಎಂದುಕೊಂಡು ನಾನು ಅಮ್ಮನಿಗೆ ಹೇಳಲು ಬಾಯಿ ತೆರೆದೆ.

"ಸರಿ ಅವ್ವಾ," ಎಂದಳು ಅಮ್ಮ ಆ ಕಡೆಯಿಂದ. "ಲುಕೇರಿಯಾ, ಕೇಳಿಸ್ತಲ್ಲ? ಇರ್ತಾಳಂತೆ. ಮೊದಲು ಆ ಚಹಾ ಬಿಸಿ ಮಾಡ್ಕೊಡು."