ನ್ಯಾಮತಿಯ ಆ ಹೆಂಗಸು

ಹೊಟ್ಟೆಕಿಚ್ಚು ಎಂದರೆ ಹೊಟ್ಟೆಕಿಚ್ಚೇ. ಅದಕ್ಕೆ ಬೇರೆ ಹೆಸರು ಕೊಡುವಷ್ಟು ನಯ ನನಗಿಲ್ಲ. ನಾನು ಶಿವಲೀಲಾ, ಹೊನ್ನಾಳಿಯ ಹೈಸ್ಕೂಲೊಂದರಲ್ಲಿ ಕನ್ನಡ ಮೇಡಂ. ಮನೆ ಚನ್ನಗಿರಿಯಲ್ಲಿ, ದಿನಾ ಬಸ್ಸಿನ ಓಡಾಟ. ನಮ್ಮ ಯಜಮಾನರು ಮಹಾಂತೇಶ್, ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದಾರೆ.

ನಾನು ‘ಭಾವಸಿಂಚನ’ ಎಂಬ ಬ್ಲಾಗ್ ಬರೆಯುತ್ತೇನೆ. ಮೌನ, ಸಂಜೆ, ಒಂಟಿತನ, ಇಂಥವೇ ವಿಷಯಗಳು. ಒಂದೊಂದು ಪದವನ್ನೂ ಅಕ್ಕಿ ಆರಿಸಿದ ಹಾಗೆ ಆರಿಸಿ ಇಡುವುದು. ಓದುವವರು ಬೆರಳೆಣಿಕೆಯಷ್ಟು. ಆದರೆ ಪ್ರತಿ ಬರಹದ ಕೆಳಗೂ ಮೊದಲ ಕಾಮೆಂಟು ನಮ್ಮವರದೇ: ‘ಚೆನ್ನಾಗಿದೆ.’ ಆ ಒಂದು ಪದಕ್ಕಾಗಿಯೇ ನಾನು ಬರೆಯುತ್ತಿದ್ದೆ ಎಂದರೂ ಸರಿಯೇ.

ಒಂದು ದಿನ ಅವರ ಫೋನಿನಲ್ಲಿ ಬೇರೆ ಬ್ಲಾಗ್ ತೆರೆದಿತ್ತು. ಜಗಳೂರಿನ ಮಮತಾ ಎಂಬವಳದು. ವಿಷಯ, ಕುರಿ! ಕುರಿಯ ಮೇವು, ಕುರಿಯ ಭೇದಿ, ಸುಟ್ಟುಹೋದ ಬೋರ್‌ವೆಲ್ ಮೋಟಾರು. ಪೀಠಿಕೆಯಿಲ್ಲ, ಅಲಂಕಾರವಿಲ್ಲ, ಬಾಯಿಗೆ ಬಂದದ್ದನ್ನು ಹಾಗೇ ಬರೆದಿದ್ದಾಳೆ. ಅದರ ಕೆಳಗೆ ನಮ್ಮವರ ಕಾಮೆಂಟು ಒಂದು ಪುಟ! ‘ವೋಲ್ಟೇಜ್ ಕಮ್ಮಿ ಇದ್ದಾಗ ಮೋಟಾರ್ ಹಾಕಬೇಡ್ರಿ ಮಮತಾ ಅವ್ರೇ’ ಎಂದು ಶುರುವಾಗಿ ಮುಗಿಯುವುದೇ ಇಲ್ಲ. ನನ್ನ ಮೈಯೆಲ್ಲ ಉರಿದುಹೋಯಿತು.

“ಏನ್ರೀ, ನನಗೆ ಒಂದ್ ಪದ, ಆ ಕುರಿಯಮ್ಮಂಗೆ ಒಂದ್ ಪುಟನಾ?”

“ಅದು ಬೇರೆ ಥರದ ಬ್ಲಾಗ್ ಮಾರಾಯ್ತಿ. ಅವ್ರು ಕೇಳ್ತಾರೆ, ನಾನು ಹೇಳ್ತೀನಿ. ನಿಂದ್ರಾಗೆ ಎಲ್ಲಾ ನೀನೇ ಹೇಳಿ ಮುಗಿಸಿರ್ತೀಯ. ನಾನು ಹೇಳಾಕೆ ಏನ್ ಉಳಿದೈತೆ?”

ಕೇಳಬೇಕೇ? ಕೇಳುತ್ತೇನೆ, ನೋಡಿ! ಗುಟ್ಟಾಗಿ ಇನ್ನೊಂದು ಬ್ಲಾಗ್ ತೆರೆದೆ. ‘ಕಿಟಕಿ ಪಕ್ಕದ ಸೀಟು’ ಎಂದು ಹೆಸರಿಟ್ಟು, ಬರೆಯುವವಳು ನ್ಯಾಮತಿಯ ಒಬ್ಬ ಗೃಹಿಣಿ ಎಂದು ಹಾಕಿದೆ. ಅದರ ವಿಳಾಸವನ್ನು ಮಮತಾಳ ಬ್ಲಾಗಿನ ಕೆಳಗೇ ಅಂಟಿಸಿ ಬಂದೆ. ಬಸ್ಸಿನಲ್ಲಿ ಕೇಳಿದ್ದು, ಅಡುಗೆಮನೆಯಲ್ಲಿ ಕೆಟ್ಟದ್ದು, ಎಲ್ಲವನ್ನೂ ಆಡುಮಾತಿನಲ್ಲೇ ಬರೆದೆ. ‘ನಮ್ಮನೆ ಗ್ರೈಂಡರ್ ಗುಂಯ್ ಅಂತೈತೆ, ತಿರುಗಲ್ಲ. ರುಬ್ಬಾಕೆ ಪಕ್ಕದ್ಮನೆಗೆ ಹೋಗಿ ಹೋಗಿ ನಾಚಿಕೆ ಆಗೈತೆ. ಯಾರಾದ್ರೂ ಹೇಳ್ರಿ, ಏನ್ ಮಾಡ್ಲಿ?’

ಅದು ನಮ್ಮ ಮನೆಯ ಗ್ರೈಂಡರೇ. ಯುಗಾದಿಯಿಂದ ಮೂಲೆ ಹಿಡಿದಿತ್ತು. ಕೇಳಿದಾಗಲೆಲ್ಲ “ನಾಳೆ ನೋಡ್ತೀನಿ” ಎನ್ನುತ್ತಿದ್ದರು. ಇದನ್ನು ಓದಿದರೆ ಗೊತ್ತಾಗಿಬಿಡುತ್ತದೆ ಎಂದು ಹೆದರಿದ್ದೆ. ಗೊತ್ತಾಗಲಿಲ್ಲ. ಕಾಮೆಂಟು ಬಂತು: ‘ಕೆಪಾಸಿಟರ್ ಹೋಗಿರ್ತೈತೆ ಮೇಡಂ. ನೀವು ಕೈ ಹಾಕಬೇಡ್ರಿ, ಶಾಕ್ ಹೊಡೀತೈತೆ. ಪಾಪ, ಎಷ್ಟು ದಿನದಿಂದ ಕಷ್ಟ ಪಡ್ತಿದೀರೋ.’

ಪಾಪವಂತೆ!

ಅವರು ಮಮತಾಳನ್ನು ಮರೆತೇಬಿಟ್ಟರು. ಗೆದ್ದೆ ಎಂದುಕೊಂಡೆ. ಆ ಖುಷಿ ರಾತ್ರಿ ಊಟದ ಹೊತ್ತಿಗೇ ಮುಗಿಯಿತು.

“ನ್ಯಾಮತಿಯವರೊಬ್ರು ಬರೀತಾರೆ. ಎದುರಿಗೆ ಕೂತು ಮಾತಾಡ್ದಂಗೆ ಐತೆ. ನೀನೂ ಒಂದ್ಸಲ ಓದು, ಹಿಂಗೆ ಬರೀಬೇಕು” ಎಂದರು. ಆ ಮುಖದಲ್ಲಿದ್ದ ಕಳೆ ನನ್ನ ಯಾವ ಬರಹಕ್ಕೂ ಬಂದದ್ದಿಲ್ಲ. ಬರೆದವಳು ನಾನೇ, ಉರಿದುಕೊಂಡವಳೂ ನಾನೇ. ಹೇಳಿಬಿಡಬಹುದಿತ್ತು. ಹೇಳಿದರೆ ಅವಳು ಹೋಗಿ ನಾನು ಉಳಿಯುತ್ತೇನೆ, ಮತ್ತೆ ಅದೇ ‘ಚೆನ್ನಾಗಿದೆ’. ಇನ್ನಷ್ಟು ಅನ್ನ ಬಡಿಸಿದೆ.

ಭಾನುವಾರ ನಮ್ಮವರು ಗಡ್ಡ ಬೋಳಿಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ನಿಂತರು. ಜೇಬಿನಲ್ಲಿ ಹೊಸ ಕೆಪಾಸಿಟರ್.

“ನ್ಯಾಮತಿಗೆ ಹೋಗಿ ಹಾಕಿ ಬರ್ತೀನಿ. ಅಡ್ರೆಸ್ ಕೇಳಬೇಕಲ್ಲ, ನಿನ್ ಕನ್ನಡ ಚೆನ್ನಾಗೈತೆ, ಮರ್ಯಾದೆಯಾಗಿ ಎರಡು ಸಾಲು ಬರ್ಕೊಡು.”

ಬರೆದುಕೊಟ್ಟೆ. ಹಲ್ಲು ಕಚ್ಚಿಕೊಂಡು, ವಿನಂತಿಪೂರ್ವಕವಾಗಿ. ಅವರು ಅದನ್ನು ಅವಳ ಬ್ಲಾಗಿಗೆ ಕಾಮೆಂಟಾಗಿ ಹಾಕಿ ಕಾಯುತ್ತ ಕೂತರು. ನಾನು ಅಡುಗೆಮನೆಗೆ ಹೋಗಿ, ಆ ಹೆಂಗಸಾಗಿ ಉತ್ತರ ಬರೆದೆ: ‘ಬರಬೇಡ್ರಿ. ನಮ್ಮ ಯಜಮಾನ್ರೇ ರಿಪೇರಿ ಮಾಡ್ತಾರೆ. ಅವ್ರಿಗೆ ನನ್ ಮ್ಯಾಲೆ ಭಾಳ ಪ್ರೀತಿ.’

ಅವರು ಓದಿದರು. ಮತ್ತೊಮ್ಮೆ ಓದಿದರು.

“ಆ ಗಂಡ ಪುಣ್ಯವಂತ ಬಿಡು” ಎಂದರು. ಆ ದನಿ ನನಗೆ ಗೊತ್ತಿತ್ತು. ನನ್ನದೇ ಹೊಟ್ಟೆಕಿಚ್ಚು ಈಗ ಅವರ ಗಂಟಲಿಗೆ ಹತ್ತಿತ್ತು.

“ತಂದಿದ್ದೀರಲ್ಲ, ಇಲ್ಲೇ ಹಾಕ್ರಿ” ಎಂದೆ.

ಇಸ್ತ್ರಿ ಅಂಗಿ ಕಳಚಿಟ್ಟು, ನಿಟ್ಟುಸಿರು ಬಿಡುತ್ತ ಹಾಕಿದರು. ಕಲ್ಲು ತಿರುಗಿತು. ಮರುದಿನ ಬೆಳಿಗ್ಗೆ ಅದರಲ್ಲೇ ರುಬ್ಬಿದ ಹಿಟ್ಟಿನ ದೋಸೆ ಗರಿಗರಿಯಾಗಿ ಎದ್ದಿತು.

“ಚೆನ್ನಾಗೈತೆ” ಎಂದರು ಯಜಮಾನರು.

ನನಗೆ ಮಾತ್ರ ಒಂದು ದೋಸೆಯೂ ಸೇರಲಿಲ್ಲ. ಆ ಕೆಪಾಸಿಟರ್ ಅವಳಿಗೆಂದು ತಂದದ್ದು.